ವಾದ್ಯವೃಂದದಲ್ಲಿ ನುಡಿಸಿದವರ ಹೆಸರು ಹೇಳಿ: ಪ್ರಸಾರ ಭಾರತಿಗೊಂದು ಬಹಿರಂಗ ಪತ್ರ

ಪ್ರಸಾರ ಭಾರತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಆಕಾಶವಾಣಿಯ ಮಹಾನಿರ್ದೇಶಕರಿಗೆ, ಹಾಗೇ ಬೆಂಗಳೂರು, ಮೈಸೂರು, ಧಾರವಾಡ ನಿಲಯಗಳ ಮುಖ್ಯಸ್ಥರಿಗೆ ನಮಸ್ಕಾರಗಳು.

ಮಾನ್ಯರೇ, ನೇರವಾಗಿ ವಿಷಯಕ್ಕೇ ಬರ್ತೀನಿ. 1952ರಲ್ಲಿ ದೆಹಲಿಲಿ ಶುರುವಾದ ಆಕಾಶವಾಣಿ ವಾದ್ಯವೃಂದ ನಮ್ಮ ದೇಶದ ರಾಷ್ಟ್ರೀಯ ವಾದ್ಯಮೇಳ. ಅದನ್ನ ನಡೆಸಿದವರ ಹೆಸರು ಸಂಗೀತ ಗೊತ್ತಿರೋ ಎಲ್ಲರಿಗೂ ಗೊತ್ತು, ಪಂಡಿತ್ ರವಿಶಂಕರ್, ಟಿ.ಕೆ. ಜಯರಾಮ ಅಯ್ಯರ್, ಆಮೇಲೆ ಬಂದ ಪನ್ನಾಲಾಲ್ ಘೋಷ್, ಈಮನಿ ಶಂಕರ ಶಾಸ್ತ್ರಿ, ಅನಿಲ್ ಬಿಸ್ವಾಸ್. ಆದ್ರೆ ಆ ಮೇಳದಲ್ಲಿ ಕೂತು ನುಡಿಸಿದವರು ಯಾರು? ಎರಡನೇ ಸಾಲಲ್ಲಿ ಪಿಟೀಲು ಹಿಡಿದಿದ್ದವರು, ಜಲತರಂಗದ ಬಟ್ಟಲಿಗೆ ನೀರು ಹೊಯ್ದು ಶ್ರುತಿ ಸೇರಿಸ್ತಿದ್ದವರು, ಮೂರು ನಿಮಿಷ ಸುಮ್ಮನೆ ಕೂತಿದ್ದು ಸರಿಯಾಗಿ ಒಂದೇ ಒಂದು ಆವರ್ತಕ್ಕೆ ಘಟ ಎತ್ತಿಕೊಳ್ತಿದ್ದವರು? ಈ ಪತ್ರದಲ್ಲಿ ನಾನು ಕೇಳ್ತಿರೋದು ಮುಖ್ಯವಾಗಿ ಒಂದೇ ವಿಷಯ. ನಿಮ್ಮ ಭಂಡಾರದಲ್ಲಿರೋ ವಾದ್ಯವೃಂದದ ಧ್ವನಿಮುದ್ರಣಗಳನ್ನ ಜನರಿಗೆ ಬಿಡಿ, ಬಿಡುವಾಗ ಪ್ರತಿಯೊಂದರ ಜೊತೆಗೂ ನುಡಿಸಿದ ಎಲ್ಲರ ಹೆಸರನ್ನೂ ಹಾಕಿ.

ನಾನು ಮೈಸೂರಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡೋ ಮೇಷ್ಟ್ರು. ನನ್ನ ಹತ್ತಿರ ಕಲಿಯೋಕೆ ಬರೋ ಮಕ್ಕಳಲ್ಲಿ ಎಲ್ಲರೂ ಕಛೇರಿ ವಿದ್ವಾಂಸರಾಗಲ್ಲ, ಅದು ನನಗೂ ಗೊತ್ತು ಅವರ ಅಪ್ಪ ಅಮ್ಮಂದಿರಿಗೂ ಗೊತ್ತು. ಆದ್ರೆ ಚೆನ್ನಾಗಿ ನುಡಿಸೋ ಮಕ್ಕಳು ಎಷ್ಟೋ ಜನ ಇದ್ದಾರೆ, ಸೋಲೋ ಕಛೇರಿ ಕೊಡೋಷ್ಟು ಮನೋಧರ್ಮ, ಅಂದ್ರೆ ಅಲ್ಲೇ ಕಲ್ಪಿಸಿಕೊಂಡು ನುಡಿಸೋ ಶಕ್ತಿ ಇಲ್ಲ ಅಥವಾ ಸ್ಟೇಜಿನ ಮಧ್ಯೆ ಒಬ್ಬರೇ ಕೂರೋ ಧೈರ್ಯ ಇಲ್ಲ, ಆದ್ರೆ ಶ್ರುತಿ ಶುದ್ಧವಾಗಿದೆ, ಲಯ ಗಟ್ಟಿಯಾಗಿದೆ, ಪಕ್ಕದವರನ್ನ ಕೇಳಿಕೊಂಡು ನುಡಿಸೋ ಕಿವಿ ಇದೆ. ಅಂಥವರಿಗೆ ನಮ್ಮ ಸಂಗೀತದಲ್ಲಿ ಒಂದು ಜಾಗ ಇತ್ತು, ಈಗಲೂ ಇದೆ, ಅದರ ಹೆಸರು ವಾದ್ಯವೃಂದ ಅಂತ ನಾನು ಹೇಳಿದ್ರೆ ಮಕ್ಕಳು ನನ್ನ ಮುಖ ನೋಡ್ತಾರೆ. ತೋರಿಸೋಕೆ, ಕೇಳಿಸೋಕೆ ನನಗೆ ಬೇಕಾಗಿರೋದು ನಿಮ್ಮ ಹತ್ತಿರ ಇದೆ, ಅದಕ್ಕೇ ಬರೀತಿದೀನಿ.

ಈ ಮೇಳದ ಕಥೆಯನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮಗೆ ಗೊತ್ತಿರುತ್ತೆ, ಆದ್ರೆ ಈ ಪತ್ರ ಓದೋ ಬೇರೆಯವರಿಗೂ ತಿಳಿಲಿ ಅಂತ.

ಸ್ವಾತಂತ್ರ್ಯಕ್ಕೂ ಮುಂಚೆನೇ ರೇಡಿಯೋದಲ್ಲಿ ಇಂಥ ಪ್ರಯತ್ನ ಶುರುವಾಗಿತ್ತು. ಜಾನ್ ಫೌಲ್ಡ್ಸ್ ಅಂತ ಒಬ್ಬ ಇಂಗ್ಲಿಷ್ ಸಂಯೋಜಕ, ಮ್ಯಾಂಚೆಸ್ಟರ್‌ನವನು, ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ ಅವನು ಮಾಡಿದ ದೊಡ್ಡ ಸಂಯೋಜನೆ ಲಂಡನ್ನಿನಲ್ಲಿ 1923ರಿಂದ 1926ರವರೆಗೆ ವರ್ಷಾ ವರ್ಷಾ ನಡೀತಿತ್ತು, ಅಂಥವನು 1935ರಲ್ಲಿ ಇಂಡಿಯಾಕ್ಕೆ ಬಂದ. ಬಂದು ದೆಹಲಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥನಾದ, ಅಲ್ಲಿದ್ದ ನಮ್ಮ ವಾದಕರನ್ನೇ ಕೂರಿಸಿಕೊಂಡು ಅವರಿಗೆ ಬರೆದ ಸಂಗೀತ ಓದೋದನ್ನ ಕಲಿಸಿ ಇಂಡೋ-ಯುರೋಪಿಯನ್ ಆರ್ಕೆಸ್ಟ್ರಾ ಅಂತ ಕಟ್ಟಿದ. 1939ರಲ್ಲಿ ಅವನನ್ನ ಕಲ್ಕತ್ತಾಕ್ಕೆ ಕಳಿಸಿದ್ರು, ಹೋದ ಸ್ವಲ್ಪ ದಿನಕ್ಕೇ ಕಾಲರಾ ಬಂದು ತೀರಿಕೊಂಡ. ಬಾಂಬೆಯಲ್ಲಿ ವಾಲ್ಟರ್ ಕೌಫ್‌ಮನ್, ಹಿಟ್ಲರ್ ಕಾಲದಲ್ಲಿ ಯುರೋಪ್ ಬಿಟ್ಟು ಬಂದ ಯಹೂದಿ ಸಂಗೀತಗಾರ, 1937ರಿಂದ 1946ರವರೆಗೆ ಅಲ್ಲಿನ ರೇಡಿಯೋದಲ್ಲಿದ್ದ, ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಕಟ್ಟಿದ್ದೂ ಅವನೇ, ಜುಬಿನ್ ಮೆಹ್ತಾ ಅವರ ತಂದೆ ಮೆಹ್ಲಿ ಮೆಹ್ತಾ ಅವನ ಜೊತೆ ಪಿಟೀಲು ನುಡಿಸ್ತಿದ್ರು. ಬೆಳಗ್ಗೆ ರೇಡಿಯೋ ಹಾಕಿದ ಕೂಡಲೇ ಬರ್ತಿದ್ದ ಆಕಾಶವಾಣಿಯ ಆ ಸಿಗ್ನೇಚರ್ ಟ್ಯೂನ್, ಶಿವರಂಜಿನಿ ಛಾಯೆ ಇರೋದು, ಅದು ಕೌಫ್‌ಮನ್ ಮಾಡಿದ್ದು ಅಂತಾನೇ ಹೇಳ್ತಾರೆ.

ಆದ್ರೆ ವಾದ್ಯವೃಂದದ ಬೇರು ಇನ್ನೊಂದು ಕಡೆ ಇದೆ, ಅದು ನನಗೆ ಹೆಚ್ಚು ಇಷ್ಟ. ಮಧ್ಯಪ್ರದೇಶದ ಮೈಹರ್‌ನಲ್ಲಿ ಬಾಬಾ ಅಲ್ಲಾವುದ್ದೀನ್ ಖಾನ್ ಮಹಾರಾಜರ ಆಸ್ಥಾನದಲ್ಲಿದ್ರು, ಅಲ್ಲಿ ಸಾಂಕ್ರಾಮಿಕ ರೋಗ ಬಂದು ಎಷ್ಟೋ ಮಕ್ಕಳು ಅನಾಥರಾದಾಗ ಆ ಮಕ್ಕಳನ್ನೇ ಕೂಡಿಸಿ ಸಂಗೀತ ಕಲಿಸಿ ಮೈಹರ್ ಬ್ಯಾಂಡ್ ಕಟ್ಟಿದ್ರು, 1918ರ ಆಸುಪಾಸು. ಬಂದೂಕಿನ ನಳಿಗೆಗಳನ್ನ ಕತ್ತರಿಸಿ ನಳತರಂಗ ಅಂತ ಹೊಸ ವಾದ್ಯನೇ ಮಾಡಿಸಿದ್ರು ಅಂದ್ರೆ ಯೋಚನೆ ಮಾಡಿ. ಆ ಬಾಬಾ ಅವರ ಶಿಷ್ಯರೇ ರವಿಶಂಕರ್. ಅದಕ್ಕೂ ಮುಂಚೆ ಅಣ್ಣ ಉದಯಶಂಕರ್ ಅವರ ನೃತ್ಯ ತಂಡದಲ್ಲಿ ಚಿಕ್ಕ ಹುಡುಗನಾಗಿ ಯುರೋಪ್ ಸುತ್ತಿದ್ರು, ಆ ತಂಡಕ್ಕೆ ತಿಮಿರ್ ಬರನ್ ಕಟ್ಟಿದ ಭಾರತೀಯ ವಾದ್ಯಗಳ ಮೇಳ ಇತ್ತು. ಹಾಗಾಗಿ 1949ರಲ್ಲಿ ರವಿಶಂಕರ್ ದೆಹಲಿ ಆಕಾಶವಾಣಿಗೆ ಸೇರಿದಾಗ, ಹತ್ತಾರು ದೇಶೀ ವಾದ್ಯಗಳು ಒಟ್ಟಿಗೆ ನುಡಿದ್ರೆ ಹೇಗಿರುತ್ತೆ ಅನ್ನೋದು ಅವರ ಕಿವೀಲಿ ಆಗಲೇ ಇತ್ತು. 1952ರಲ್ಲಿ ವಾದ್ಯವೃಂದ ಶುರುವಾದಾಗ ಹಿಂದೂಸ್ತಾನಿ ಕಡೆಗೆ ಅವರು, ಕರ್ನಾಟಕ ಸಂಗೀತದ ಕಡೆಗೆ ಪಿಟೀಲು ವಿದ್ವಾಂಸರಾದ ಟಿ.ಕೆ. ಜಯರಾಮ ಅಯ್ಯರ್. ಅದೇ ವರ್ಷ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿ ಆದ್ರು, ಸಿನಿಮಾ ಹಾಡುಗಳನ್ನ ರೇಡಿಯೋದಿಂದ ಹೊರಗಿಟ್ಟವರು ಅಂತ ಅವರನ್ನ ಎಲ್ಲರೂ ನೆನೆಸಿಕೊಳ್ತಾರೆ, ಆ ತೀರ್ಮಾನ ನನಗೂ ಸರಿ ಕಾಣಲ್ಲ, ಜನ ಎಲ್ಲ ರೇಡಿಯೋ ಸಿಲೋನ್ ಕಡೆಗೆ ಹೋದ್ರು. ಆದ್ರೆ ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದೂ ಅದೇ 1952ರಲ್ಲಿ, ನೂರಾರು ವಾದಕರಿಗೆ ತಿಂಗಳು ತಿಂಗಳು ಸಂಬಳ ಸಿಕ್ಕಿದ್ದೂ ಆ ಕಾಲದಲ್ಲೇ, ಅರಮನೆಗಳೆಲ್ಲ ಹೋಗಿ ಕಲಾವಿದರು ಬೀದಿಗೆ ಬೀಳ್ತಿದ್ದ ಹೊತ್ತಲ್ಲಿ ಅದು ಸಣ್ಣ ವಿಷಯ ಅಲ್ಲ.

ರವಿಶಂಕರ್ 1956ರಲ್ಲಿ ಬಿಟ್ಟು ಹೋದ್ರು. ಆ ಜಾಗಕ್ಕೆ ಪನ್ನಾಲಾಲ್ ಘೋಷ್ ಬಂದ್ರು, ಉದ್ದದ ಬಿದಿರು ಕೊಳಲನ್ನ ಹಿಂದೂಸ್ತಾನಿ ಕಛೇರಿಗೆ ತಂದವರು, 1960ರಲ್ಲಿ ತೀರಿಕೊಳ್ಳೋವರೆಗೂ ದೆಹಲಿಲೇ ಇದ್ರು. ಕಳಿಂಗ ವಿಜಯದಂಥ ಕಥೆ ಇರೋ ಸಂಯೋಜನೆಗಳನ್ನ ಈ ಮೇಳಕ್ಕೆ ಮಾಡಿದ್ರು. ಅವರ ಶಿಷ್ಯ ಮತ್ತು ಅಳಿಯ ದೇವೇಂದ್ರ ಮುರ್ಡೇಶ್ವರ್, ಹೆಸರಲ್ಲೇ ನಮ್ಮ ಉತ್ತರ ಕನ್ನಡ ಇದೆ. ಆಮೇಲೆ ವೀಣೆಯ ಈಮನಿ ಶಂಕರ ಶಾಸ್ತ್ರಿಗಳು, ಆಂಧ್ರದ ದ್ರಾಕ್ಷಾರಾಮದವರು, ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಕೆಲಸ ಮಾಡಿ ಪಳಗಿದ್ದವರು, ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಹತ್ತಿದ್ದನ್ನ ವಿಷಯ ಮಾಡಿಕೊಂಡು ಆದರ್ಶ ಶಿಖರಾರೋಹಣ ಅಂತ ಒಂದು ಸಂಯೋಜನೆ ಮಾಡಿದ್ರು. ಮಾತಿಲ್ಲ, ಹಾಡಿಲ್ಲ, ಬರೀ ವಾದ್ಯಗಳಲ್ಲಿ ಹಿಮಾಲಯ ಹತ್ತಿಸಬೇಕು! 1963ರಿಂದ 1975ರವರೆಗೆ ಅನಿಲ್ ಬಿಸ್ವಾಸ್, ಹಿಂದಿ ಸಿನಿಮಾ ಸಂಗೀತದಲ್ಲಿ ಆರ್ಕೆಸ್ಟ್ರಾ ಬಳಸೋದಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಮುಖ್ಯರು. ಹತ್ತು ವರ್ಷದ ಹಿಂದೆ ಸಿನಿಮಾ ಹಾಡು ಬೇಡ ಅಂದ ಮನೆಗೇ ಸಿನಿಮಾದಿಂದ ಬಂದು ರಾಷ್ಟ್ರೀಯ ಮೇಳಕ್ಕೆ ನಿರ್ದೇಶಕರಾದ್ರು, ಇದು ನನಗೆ ತುಂಬಾ ಸಂತೋಷ ಕೊಡೋ ಸಂಗತಿ, ಯಾಕಂದ್ರೆ ಸಂಗೀತದಲ್ಲಿ ಕೆಲಸ ಗೊತ್ತಿರೋರು ಎಲ್ಲಿಂದ ಬಂದ್ರೂ ಕೆಲಸ ಗೊತ್ತಿರೋರೇ.

ಇಷ್ಟು ಹೇಳಿದೀನಲ್ಲ, ಇದರಲ್ಲಿ ಬಂದಿರೋ ಹೆಸರುಗಳನ್ನ ನೋಡಿ. ಎಲ್ಲಾ ನಿರ್ದೇಶಕರೇ. ಮೇಳದೊಳಗೆ ಕೂತು ನುಡಿಸಿದವರ ಪೈಕಿ ಹೊರಗೆ ಹೆಸರಾದವರು ಕೆಲವೇ ಜನ, ಕೊಳಲಿನ ವಿಜಯರಾಘವ ರಾವ್ ಅಂಥವರು, ಅವರೂ ಆಮೇಲೆ ಬಾಂಬೆಗೆ ಹೋಗಿ ಫಿಲ್ಮ್ಸ್ ಡಿವಿಜನ್‌ನಲ್ಲಿ ಸಂಗೀತ ಮಾಡಿದ್ದಕ್ಕೆ ಜನರಿಗೆ ಗೊತ್ತಾದ್ರು. ಉಳಿದವರನ್ನ ಯಾರು ಕೇಳಬೇಕು? ಮದುವೆ ಮನೇಲಿ ಊಟ ಚೆನ್ನಾಗಿತ್ತು ಅಂತ ಎಲ್ಲರೂ ಹೇಳಿ ಹೋಗ್ತಾರೆ, ಒಲೆ ಮುಂದೆ ನಿಂತಿದ್ದ ಅಡುಗೆಯವರ ಹೆಸರು ಕೇಳೋರು ಇರಲ್ಲ, ಇದೂ ಹಾಗೇ ಆಗಿದೆ.

ಇನ್ನು ಆ ಕೆಲಸ ಎಂಥದ್ದು ಅಂತ ಹೇಳಲೇಬೇಕು, ಯಾಕಂದ್ರೆ "ಎಲ್ಲಾ ಸೇರಿ ಒಂದೇ ಸ್ವರ ನುಡಿಸೋದು ತಾನೇ, ಏನು ಮಹಾ" ಅನ್ನೋ ಮಾತನ್ನ ಸಂಗೀತ ಬಲ್ಲವರ ಬಾಯಲ್ಲೇ ಕೇಳಿದೀನಿ.

ಪಾಶ್ಚಾತ್ಯ ಆರ್ಕೆಸ್ಟ್ರಾದಲ್ಲಿ ಸ್ವರ ಅನ್ನೋದು ಒಂದು ಜಾಗದಲ್ಲಿ ನಿಂತಿರುತ್ತೆ, ಕಾಗದದಲ್ಲಿ ಬರೆದದ್ದನ್ನ ಹದಿನಾರು ಜನ ಪಿಟೀಲಿನವರು ಒಂದೇ ಥರ ಓದ್ತಾರೆ. ಅವರ ಕಷ್ಟ ಅವರಿಗಿದೆ, ಇಲ್ಲ ಅನ್ನಲ್ಲ. ನಮ್ಮಲ್ಲಿ ತೋಡಿಯ ಗಾಂಧಾರ ತಗೊಳ್ಳಿ, ಅದು ನಿಲ್ಲೋ ಸ್ವರನೇ ಅಲ್ಲ, ಅಲ್ಲಾಡ್ತಾ ಇರಬೇಕು, ಎಷ್ಟು ಅಲ್ಲಾಡಬೇಕು, ಕೆಳಗಿನ ರಿಷಭ ಎಷ್ಟು ಮುಟ್ಟಬೇಕು, ಮೇಲಿನ ಮಧ್ಯಮಕ್ಕೆ ಎಷ್ಟು ಹತ್ತಿರ ಹೋಗಬೇಕು, ಇದು ಒಂದೊಂದು ಬಾನಿಯಲ್ಲಿ ಒಂದೊಂದು ಥರ. ಒಬ್ಬರೇ ನುಡಿಸುವಾಗ ಅದೇ ಅವರ ಸೌಂದರ್ಯ. ಎಂಟು ಜನ ಒಟ್ಟಿಗೆ ನುಡಿಸುವಾಗ ಎಂಟು ಬಾನಿ ಆದ್ರೆ ಕೇಳೋಕೆ ಆಗಲ್ಲ. ಗಮಕ ಎಷ್ಟು ಸಲ, ಕಮಾನು ಮೇಲಕ್ಕೋ ಕೆಳಕ್ಕೋ, ಜಾರು ಎಲ್ಲಿ ಶುರು ಎಲ್ಲಿ ನಿಲ್ಲೋದು, ಇದೆಲ್ಲ ಕೂತು ಒಪ್ಪಿಕೊಂಡು ಗಂಟೆಗಟ್ಟಲೆ ಉಜ್ಜಬೇಕು. ನನ್ನ ಹತ್ತಿರ ಕಲಿಯೋ ನಾಲ್ಕು ಮಕ್ಕಳಿಗೆ ಒಂದು ವರ್ಣವನ್ನ ಒಟ್ಟಿಗೆ ನುಡಿಸೋಕೆ ಹೇಳಿದ್ರೆ ಚರಣದ ಹೊತ್ತಿಗೆ ನಾಲ್ಕು ದಾರಿ ಆಗಿರುತ್ತೆ, ಅವರು ಒಂದೇ ಮೇಷ್ಟ್ರ ಹತ್ತಿರ ಕಲಿತವರು! ದೆಹಲಿಲಿ ಕೂತಿದ್ದವರು ಬೇರೆ ಬೇರೆ ಊರಿಂದ, ಬೇರೆ ಬೇರೆ ಗುರುಗಳಿಂದ, ಬೇರೆ ಬೇರೆ ಭಾಷೆಯಿಂದ ಬಂದವರು.

ಅದರ ಮೇಲೆ ವಾದ್ಯಗಳ ಜಗಳ. ವೀಣೆಯ 24 ಮೆಟ್ಟಿಲು ಮೇಣದಲ್ಲಿ ಕೂತಿರುತ್ತೆ, ಹನ್ನೆರಡು ಸ್ವರಸ್ಥಾನವೂ ಯಾವಾಗಲೂ ಸಿಗುತ್ತೆ, ಸಿತಾರಿನ ಮೆಟ್ಟಿಲು ರಾಗಕ್ಕೆ ತಕ್ಕ ಹಾಗೆ ಸರಿಸಿಕೊಳ್ಳೋದು, ಕೆಳಗಿರೋ ತರಫ್ ತಂತಿಗಳನ್ನಂತೂ, ಅಂದ್ರೆ ಮೇಲಿನ ತಂತಿ ಮೀಟಿದಾಗ ತಾವಾಗೇ ಅನುರಣಿಸೋ ತಂತಿಗಳನ್ನ, ಆಯಾ ರಾಗಕ್ಕೇ ಶ್ರುತಿ ಮಾಡಬೇಕು. ಸರೋದ್‌ಗೂ ತರಫ್ ಇದೆ, ಸಾರಂಗಿಗಂತೂ ಕೇಳೋದೇ ಬೇಡ, ತಂತಿಗಳ ಕಾಡು. ಈಗ ಸಂಯೋಜಕರು ಹಲವು ರಾಗ ಒಂದರ ಹಿಂದೊಂದು ಬರೋ ಒಂದು ರಾಗಮಾಲಿಕೆ ಬರೆದ್ರೆ ವೀಣೆಯವರಿಗೆ, ಪಿಟೀಲಿನವರಿಗೆ ಏನೂ ತೊಂದರೆ ಇಲ್ಲ, ಸಿತಾರ್ ಸರೋದ್‌ನವರು ಏನು ಮಾಡಬೇಕು? ನಡುವೆ ನಿಲ್ಲಿಸಿ ತಂತಿ ಬಿಗಿ ಮಾಡೋಕಾಗುತ್ತಾ? ಹಾಗಾಗಿ ರಾಗ ಬದಲಾಯಿಸೋದು ಎಲ್ಲಿ, ಯಾವ ವಾದ್ಯ ಆಗ ಸುಮ್ಮನಿರಬೇಕು, ಯಾವ ಎರಡು ರಾಗ ತರಫ್‌ಗೆ ಹೊಂದುತ್ತೆ, ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಬರೆಯಬೇಕು. ಜಲತರಂಗದಲ್ಲಿ ಕರ್ನಾಟಕ ಶೈಲಿಯ ಭಾರೀ ಗಮಕ ಬರಲ್ಲ, ಅದಕ್ಕೆ ಚುರುಕಾದ ಬಿಡಿ ಸ್ವರಗಳ ಜಾಗ ಕೊಡಬೇಕು, ಕೊಳಲಿಗೆ ಉಸಿರಿನ ಜಾಗ ಬಿಡಬೇಕು.

ರಾಗದ ಹೆಸರುಗಳೇ ಒಂದು ತೊಡಕು. ಹಿಂದೂಸ್ತಾನಿಯವರು ತೋಡಿ ಅಂದ್ರೆ ನಮ್ಮ ಶುಭಪಂತುವರಾಳಿಯ ಸ್ವರಗಳು, ನಮ್ಮ ತೋಡಿಯ ಸ್ವರಗಳು ಅವರಿಗೆ ಭೈರವಿ ಥಾಟ್, ನಮ್ಮ ಭೈರವಿ ಮತ್ತೆ ಬೇರೆ. ನಮ್ಮ ಹಿಂದೋಳ ಅವರ ಮಾಲ್ಕೌಂಸ್, ಅವರ ಹಿಂದೋಲ್ ಬೇರೆ ರಾಗನೇ. ಮೋಹನ ಮತ್ತು ಭೂಪಾಲಿ, ಕಲ್ಯಾಣಿ ಮತ್ತು ಯಮನ್ ಸ್ವರದಲ್ಲಿ ಒಂದೇ, ನಡೆಯಲ್ಲಿ ಒಂದಲ್ಲ. ತಾಳದಲ್ಲೂ ಅಷ್ಟೇ, ನಮ್ಮಲ್ಲಿ ಎಡುಪ್ಪು, ಅಂದ್ರೆ ಹಾಡು ಎತ್ತಿಕೊಳ್ಳೋ ಜಾಗ, ತಾಳದ ಮೊದಲ ಪೆಟ್ಟಾದ ಸಮದಿಂದ ಒಂದೂವರೆ ಅಕ್ಷರ ತಳ್ಳಿ ಶುರುವಾಗೋದು ತೀರಾ ಸಹಜ, ತಬಲಾದವರಿಗೆ ಸಮದ ಮೇಲೆ ಬಂದು ಬೀಳೋದೇ ಪ್ರಾಣ. ಇಂಥ ಎರಡು ಲೋಕದವರನ್ನ ಒಂದೇ ಸ್ಟುಡಿಯೋದಲ್ಲಿ ಕೂರಿಸಿ, ಒಂದೇ ಷಡ್ಜಕ್ಕೆ ಸೇರಿಸಿ ನುಡಿಸೋದಿದೆಯಲ್ಲ, ಹಿಂದೂಸ್ತಾನಿ-ಕರ್ನಾಟಕ ಜುಗಲ್‌ಬಂದಿಗಳು ಇಷ್ಟು ಸಾಮಾನ್ಯ ಆಗೋದಕ್ಕೆ ಎಷ್ಟೋ ಮುಂಚೆ ಈ ಸಂಬಳದ ವಾದಕರು ದಿನದ ಡ್ಯೂಟಿ ಅಂತ ಮಾಡ್ತಿದ್ದ ಕೆಲಸ ಅದು. ರವಿಶಂಕರ್ ಆಮೇಲೆ ಕೀರವಾಣಿ, ಚಾರುಕೇಶಿಯಂಥ ನಮ್ಮ ಕಡೆಯ ರಾಗಗಳನ್ನ ಸಿತಾರಿನಲ್ಲಿ ಪ್ರಪಂಚಕ್ಕೆಲ್ಲ ಕೇಳಿಸಿದ್ರು, ಜಯರಾಮ ಅಯ್ಯರ್ ಅಂಥವರ ಜೊತೆ ಅಷ್ಟು ವರ್ಷ ಒಂದೇ ಮನೇಲಿ ಕೆಲಸ ಮಾಡಿದ್ದರ ಪಾಲು ಅದರಲ್ಲಿ ಇದ್ದೇ ಇರುತ್ತೆ ಅನ್ನೋದು ನನ್ನ ನಂಬಿಕೆ.

ಆ ಕಾಲದ ರೆಕಾರ್ಡಿಂಗ್ ಬೇರೆ, ಈಗಿನ ಥರ ಒಬ್ಬೊಬ್ಬರದ್ದೂ ಬೇರೆ ಬೇರೆ ಟ್ರ್ಯಾಕ್ ಹಿಡಿದು ಆಮೇಲೆ ತಿದ್ದೋ ಹಾಗಿರಲಿಲ್ಲ. ಎಲ್ಲರೂ ಒಟ್ಟಿಗೆ ಕೂತು ಒಂದೇ ಉಸಿರಿಗೆ ನುಡಿಸಬೇಕು, ಕೊನೇ ತೀರ್ಮಾನದಲ್ಲಿ, ಅಂದ್ರೆ ಮೂರು ಸಲ ನುಡಿಸಿ ಮುಗಿಸೋ ಲಯದ ಮುಕ್ತಾಯದಲ್ಲಿ, ಒಬ್ಬರ ಕೈ ಜಾರಿದ್ರೆ ಎಲ್ಲರೂ ಮತ್ತೆ ಮೊದಲಿಂದ.

ಈ ವಾದಕರು ಸ್ಟಾಫ್ ಆರ್ಟಿಸ್ಟ್‌ಗಳು. ಕನ್ನಡ ನಿಲಯಗಳಲ್ಲಿ ನಾವು "ನಿಲಯದ ಕಲಾವಿದರು" ಅಂತ ಕೇಳ್ತಾ ಬೆಳೆದೆವಲ್ಲ, ಅದೇ ವರ್ಗ. ಬಹಳ ಕಾಲ ಕಾಂಟ್ರಾಕ್ಟ್ ಮೇಲೆ ಇದ್ರು, ಪೂರ್ತಿ ಸರ್ಕಾರಿ ನೌಕರರು ಅಂತ ಪರಿಗಣಿಸೋ ತೀರ್ಮಾನ ಬಂದಿದ್ದು 1982ರಲ್ಲಿ. ಬೆಳಗ್ಗೆ ಯಾರದೋ ಕಛೇರಿಗೆ ಪಕ್ಕವಾದ್ಯ, ಮಧ್ಯಾಹ್ನ ಸುಗಮ ಸಂಗೀತದ ರೆಕಾರ್ಡಿಂಗ್, ನಡುವೆ ನಾಟಕಕ್ಕೆ ಹಿನ್ನೆಲೆ, ಮತ್ತೆ ವಾದ್ಯವೃಂದದ ರಿಹರ್ಸಲ್. ಮುಖ್ಯ ಕಲಾವಿದರ ಹೆಸರು ಅನೌನ್ಸ್ ಆಗುತ್ತೆ, ಪಕ್ಕವಾದ್ಯದವರದ್ದೂ ಆಗುತ್ತೆ, ಮೇಳ ಅಂದಾಗ ಮಾತ್ರ ಸಂಯೋಜನೆ ಇವರದ್ದು, ನಿರ್ದೇಶನ ಇವರದ್ದು, ಅಲ್ಲಿಗೆ ಮುಗೀತು. ಇಪ್ಪತ್ತು ಮೂವತ್ತು ಹೆಸರು ಓದ್ತಾ ಕೂತ್ರೆ ಪ್ರಸಾರದ ಸಮಯವೇ ಹೋಗುತ್ತೆ, ಅದು ಒಪ್ಪೋ ಮಾತೇ. ಆದ್ರೆ ಈಗ ಇಂಟರ್ನೆಟ್ಟಲ್ಲಿ ಹಾಕುವಾಗ ಹೆಸರು ಬರೆಯೋಕೆ ಜಾಗದ ಕೊರತೆ ಇಲ್ಲವಲ್ಲ.

ಕನ್ನಡದಲ್ಲಿ ಯಾಕೆ ಈ ಪತ್ರ, ದೆಹಲಿಗೆ ಇಂಗ್ಲಿಷಲ್ಲೋ ಹಿಂದಿಯಲ್ಲೋ ಬರೀಬಾರದಿತ್ತಾ ಅಂತ ಕೇಳಬಹುದು. ನಮ್ಮೂರಿಗೂ ಈ ವಿಷಯಕ್ಕೂ ನೆಂಟಸ್ತಿಕೆ ಇದೆ ಸರ್. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸರಿಗೂ ಆ ಮನೆಗೂ ಇರೋ ಸಂಬಂಧ ನಿಮಗೆ ಹೇಳಬೇಕಾಗಿಲ್ಲ. ಮೇಳದ ವಿಷಯಕ್ಕೆ ಬಂದ್ರೆ ಇಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು ಕರ್ನಾಟಕ ಬ್ಯಾಂಡೂ ಇತ್ತು, ಜರ್ಮನಿಯ ಆಟೋ ಶ್ಮಿಟ್ ಇಲ್ಲಿ ಬಂದು ಆರ್ಕೆಸ್ಟ್ರಾ ನಡೆಸಿದ್ರು, ವೀಣೆ ವೆಂಕಟಗಿರಿಯಪ್ಪನವರು ನಗ್ಮಾ ಅಂತ ಬರೀ ವಾದ್ಯಕ್ಕೇ ಅಂತಲೇ ಒಂದು ಹೊಸ ಬಗೆಯ ರಚನೆಗಳನ್ನ ಮಾಡಿದ್ರು. ಸಾಹಿತ್ಯ ಇಲ್ಲದೆ ವಾದ್ಯಕ್ಕಾಗೇ ಬರೆಯೋದು, ಎರಡೂ ಪದ್ಧತಿಯ ರುಚಿ ಸೇರಿಸೋದು, ಮೇಳ ಕೂರಿಸೋದು, ದೆಹಲಿಲಿ 1952ರಲ್ಲಿ ಯೋಚಿಸಿದ ಎಷ್ಟೋ ಸಂಗತಿಗಳನ್ನ ಮೈಸೂರಲ್ಲಿ ಅದಕ್ಕೂ ಎಷ್ಟೋ ಮುಂಚೆ ಮಾಡಿ ನೋಡಿದ್ರು. ಆ ವೆಂಕಟಗಿರಿಯಪ್ಪನವರ ಶಿಷ್ಯರು ದೊರೆಸ್ವಾಮಿ ಅಯ್ಯಂಗಾರ್, ಬೆಂಗಳೂರು ಆಕಾಶವಾಣಿ 1955ರಲ್ಲಿ ಶುರುವಾದ ಮೇಲೆ ವರ್ಷಗಟ್ಟಲೆ ಅಲ್ಲೇ ಸಂಗೀತ ವಿಭಾಗದಲ್ಲಿ ಕೆಲಸ ಮಾಡಿದ್ರು. ಅರಮನೆಯ ಬ್ಯಾಂಡು ಪೊಲೀಸ್ ಬ್ಯಾಂಡಾಗಿ ಈಗಲೂ ದಸರಾದಲ್ಲಿ ನುಡಿಸುತ್ತೆ, ಕರ್ನಾಟಕ ಬ್ಯಾಂಡಿನವರು ಯೂನಿಫಾರಂ ಹಾಕಿಕೊಂಡು ಕೀರ್ತನೆ ನುಡಿಸೋದನ್ನ ಕೇಳಿ ನಮ್ಮ ಮಕ್ಕಳಿಗೆ ಹೊಸ ಲೋಕ ಕಂಡ ಹಾಗಾಗುತ್ತೆ.

ಇನ್ನೊಂದು ಮೈಸೂರಿನ ಸಂಗತಿ. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾಗಿದ್ದವರು. ರಷ್ಯಾದ ಸಂಯೋಜಕ ಮೆಟ್ನರ್ ಅವರ ಸಂಗೀತ ರೆಕಾರ್ಡ್ ಆಗೋದಕ್ಕೆ ದುಡ್ಡು ಕೊಟ್ಟವರು, 1950ರಲ್ಲಿ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊದಲ ಸಲ ಲಂಡನ್ನಿನಲ್ಲಿ ಕೇಳಿಸಿದ್ದಕ್ಕೂ ಅವರ ಸಹಾಯ ಇತ್ತು. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಇವತ್ತಿಗೂ ಇದೆ. ಅಂಥ ಮೇಳಗಳಲ್ಲಿ ಕೊನೇ ಸಾಲಿನ ವಯೋಲಾ ನುಡಿಸೋರ ಹೆಸರೂ ಕಾರ್ಯಕ್ರಮದ ಪುಸ್ತಕದಲ್ಲಿ ಅಚ್ಚಾಗಿರುತ್ತೆ. ನಮ್ಮ ರಾಜರ ದುಡ್ಡು ನಿಂತು ಬೆಳೆಸಿದ ಆ ಪದ್ಧತಿಯನ್ನ ನಮ್ಮ ರಾಷ್ಟ್ರೀಯ ಮೇಳಕ್ಕೂ ಕೇಳೋದು ಜಾಸ್ತಿ ಅಂತ ನನಗೆ ಅನ್ನಿಸಲ್ಲ.

ಜನ ಕೇಳಿದ್ರೆ ಆಗುತ್ತಾ ಅನ್ನೋರಿಗೆ ಒಂದು ಉದಾಹರಣೆ. ಬಿಬಿಸಿಯವರು ಮಾರ್ಚ್ 2023ರಲ್ಲಿ ತಮ್ಮ ಬಿಬಿಸಿ ಸಿಂಗರ್ಸ್ ತಂಡವನ್ನ ಮುಚ್ಚೋದಾಗಿ ಹೇಳಿದ್ರು, 1924ರಿಂದ ನಡೆದುಕೊಂಡು ಬಂದ ಗಾಯಕರ ತಂಡ. ಸಂಗೀತಗಾರರು ಬಹಿರಂಗ ಪತ್ರ ಬರೆದ್ರು, ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ರು, ಅದೇ ತಿಂಗಳಲ್ಲಿ ಬಿಬಿಸಿ ಆ ತೀರ್ಮಾನ ತಡೆಹಿಡಿದ್ರು. ರೇಡಿಯೋ ಸಾಕಿದ ಮೇಳ ಜನರ ಆಸ್ತಿ ಅಂತ ಅಲ್ಲಿನವರಿಗೆ ಅನ್ನಿಸಿತ್ತು, ಅದಕ್ಕೆ ಬೀದಿಗೆ ಬಂದ್ರು. ವಾದ್ಯವೃಂದವೂ ನಮ್ಮ ಆಸ್ತಿನೇ. ರೇಡಿಯೋ ಇಟ್ಟುಕೊಳ್ಳೋಕೆ ಲೈಸೆನ್ಸ್ ಫೀ ಕಟ್ಟಬೇಕಿದ್ದ ಕಾಲದಲ್ಲಿ ಪೋಸ್ಟ್ ಆಫೀಸಿಗೆ ಹೋಗಿ ಕಟ್ಟಿ ಬರ್ತಿದ್ದ ನಮ್ಮ ಅಪ್ಪ, ತಾತಂದಿರ ದುಡ್ಡಲ್ಲಿ ನಡೆದ ಮೇಳ ಅದು.

ಈಗ ಏನು ಮಾಡಬಹುದು ಅಂತ ಹೇಳ್ತೀನಿ. ಮೊದಲನೇದಾಗಿ ಪಟ್ಟಿ. 1952ರಿಂದ ಇಲ್ಲಿವರೆಗೂ ದೆಹಲಿ ಮತ್ತು ಚೆನ್ನೈ ವಾದ್ಯವೃಂದಗಳ ಯಾವ್ಯಾವ ಧ್ವನಿಮುದ್ರಣ ಉಳಿದಿದೆ ಅನ್ನೋದರ ಪೂರ್ತಿ ಪಟ್ಟಿ, ಸಂಯೋಜಕರು, ರಾಗ, ತಾಳ, ದಿನಾಂಕ, ಅವಧಿ ಸಮೇತ, ಯಾರು ಬೇಕಾದರೂ ನೋಡೋ ಹಾಗೆ. ಸಂಗೀತ ಕೇಳಿಸೋಕೆ ಹಕ್ಕುಸ್ವಾಮ್ಯದ ಪ್ರಶ್ನೆ, ಡಿಜಿಟಲ್ ಮಾಡೋ ಖರ್ಚು ಎಲ್ಲ ಬರುತ್ತೆ ಅಂತ ಒಪ್ಪೋಣ, ಪಟ್ಟಿಗೆ ಅದ್ಯಾವುದೂ ಅಡ್ಡ ಬರಲ್ಲ. ಟೇಪುಗಳಿಗೆ ವಯಸ್ಸಾಗ್ತಿದೆ, ಹಳೇ ಅಸಿಟೇಟ್ ಟೇಪು ಹುಳಿ ವಾಸನೆ ಹೊಡೆಯೋಕೆ ಶುರುವಾದ್ರೆ ಆಮೇಲೆ ಅದನ್ನ ಉಳಿಸೋದು ಕಷ್ಟ ಅಂತ ಆ ಕೆಲಸ ಮಾಡೋರೇ ಹೇಳ್ತಾರೆ, ಹಾಗಾಗಿ ಯಾವುದನ್ನ ಮೊದಲು ಡಿಜಿಟಲ್ ಮಾಡಬೇಕು ಅಂತ ಗೊತ್ತಾಗೋಕೂ ಪಟ್ಟಿ ಬೇಕು.

ಹೆಸರು ಹುಡುಕೋದು ಹೇಗೆ? ಸರ್ಕಾರಿ ಕಛೇರಿ ಅಂದ ಮೇಲೆ ಕಾಗದ ಇರುತ್ತೆ, ಅದೇ ಇದರಲ್ಲಿ ದೊಡ್ಡ ಅನುಕೂಲ. ಸಂಬಳದ ರಿಜಿಸ್ಟರ್, ಹಾಜರಿ ಪುಸ್ತಕ, ಕಾಂಟ್ರಾಕ್ಟು, ಕ್ಯೂ ಶೀಟು, ಸ್ಟುಡಿಯೋ ಬುಕಿಂಗು. ಯಾವ ತಿಂಗಳಲ್ಲಿ ಯಾರು ಮೇಳದಲ್ಲಿದ್ರು ಅಂತ ಗೊತ್ತಾದ್ರೆ ಆ ತಿಂಗಳ ರೆಕಾರ್ಡಿಂಗಲ್ಲಿ ಯಾರು ನುಡಿಸಿರಬಹುದು ಅಂತ ಹತ್ತಿರ ಹತ್ತಿರ ಹೇಳಬಹುದು. ಖಚಿತ ಇರೋದನ್ನ ಖಚಿತ ಅಂತಲೂ ಅಂದಾಜಿನದ್ದನ್ನ ಅಂದಾಜು ಅಂತಲೂ ಬರೆದ್ರೆ ಸಾಕು. ನಿವೃತ್ತರಾದ ವಾದಕರು ಎಪ್ಪತ್ತು ಎಂಬತ್ತು ದಾಟಿದವರು ಇನ್ನೂ ಇದ್ದಾರೆ, ಅವರಿಗೆ ಒಂದು ಟೇಪು ಹಾಕಿ ಕೇಳಿಸಿದ್ರೆ ಕಮಾನಿನ ಸದ್ದಲ್ಲೇ ಇದು ಇಂಥವರು ಅಂತ ಹೇಳ್ತಾರೆ, ಆ ಕಿವಿ ಇರುವಾಗಲೇ ಈ ಕೆಲಸ ಆಗಬೇಕು, ಇದಕ್ಕೆ ತಡ ಮಾಡೋ ಹಾಗಿಲ್ಲ. ದಯವಿಟ್ಟು.

ಆಮೇಲೆ ಪ್ರಸಾರ. 2016ರ ಜನವರಿ 26ರಂದು ನೀವು ಶುರು ಮಾಡಿದ ರಾಗಂ ಚಾನೆಲ್, ದಿನದ 24 ಗಂಟೆ ಶಾಸ್ತ್ರೀಯ ಸಂಗೀತ, ಅದಕ್ಕಾಗಿ ನಿಮಗೆ ಎಷ್ಟು ಧನ್ಯವಾದ ಹೇಳಿದ್ರೂ ಕಮ್ಮಿ. ಅದರಲ್ಲಿ ವಾರಕ್ಕೊಂದು ಗಂಟೆ ವಾದ್ಯವೃಂದಕ್ಕೇ ಅಂತ ಮೀಸಲಿಡಿ, ಬರೀ ಹಾಕಿ ಬಿಡೋದಲ್ಲ, ಒಂದು ಸಂಯೋಜನೆ ಹೇಗೆ ಕಟ್ಟಿದ್ದಾರೆ, ಯಾವ ವಾದ್ಯಕ್ಕೆ ಏನು ಕೊಟ್ಟಿದ್ದಾರೆ, ಯಾರು ನುಡಿಸಿದ್ದಾರೆ ಅಂತ ಎರಡು ಮಾತು ಹೇಳಿ ಹಾಕಿ. ಪನ್ನಾಲಾಲ್ ಘೋಷ್ ಅವರ ಒಂದು ರಚನೆ, ಪಕ್ಕದಲ್ಲೇ ಈಮನಿಯವರದ್ದೊಂದು, ಆಮೇಲೆ ವೆಂಕಟಗಿರಿಯಪ್ಪನವರ ಒಂದು ನಗ್ಮಾ, ಹೀಗೆ ಜೋಡಿಸಿದ್ರೆ ನಮ್ಮಂಥ ಮೇಷ್ಟ್ರುಗಳಿಗೆ ಅದೇ ಪಾಠ.

ಸ್ವರಲಿಪಿಗಳನ್ನೂ ಮರೆಯಬೇಡಿ. ಮೇಳಕ್ಕೆ ಬರೆದ ಸಂಗೀತ ಅಂದ್ರೆ ಕಾಗದ ಇದ್ದೇ ಇರುತ್ತೆ, ಹಿಂದೂಸ್ತಾನಿಯವರ ಭಾತಖಂಡೆ ಲಿಪಿಯಲ್ಲೋ, ನಮ್ಮ ಸರಿಗಮದಲ್ಲೋ, ಅಥವಾ ಐದು ಗೆರೆಯ ಸ್ಟಾಫ್ ನೊಟೇಶನ್ನಲ್ಲೋ. ಅವನ್ನ ಸ್ಕ್ಯಾನ್ ಮಾಡಿ ಹಾಕಿದ್ರೆ ಸಂಗೀತ ಕಾಲೇಜುಗಳ ಮಕ್ಕಳು ಮತ್ತೆ ನುಡಿಸ್ತಾರೆ. ಮೈಸೂರು, ಧಾರವಾಡ, ಬೆಂಗಳೂರಿನ ಯೂನಿವರ್ಸಿಟಿಗಳಲ್ಲಿ ವಾದ್ಯ ವಿಭಾಗ ಇದೆ, ಒಟ್ಟಿಗೆ ನುಡಿಸೋಕೆ ರಚನೆಗಳು ಸಿಕ್ಕಿದ್ರೆ ಸಾಕು. ಮೈಹರ್ ಬ್ಯಾಂಡು ನೂರು ವರ್ಷ ದಾಟಿ ಇವತ್ತಿಗೂ ಬಾಬಾ ಅವರ ರಚನೆಗಳನ್ನ ನುಡಿಸ್ತಿದೆ ಅಂದ್ರೆ ಒಬ್ಬರಿಂದ ಒಬ್ಬರಿಗೆ ದಾಟಿಸಿದ್ದಕ್ಕೆ. ಅಲ್ಲಿ ಆಗಿದ್ದು ದೆಹಲಿಯ ಮೇಳದ ರಚನೆಗಳಿಗೂ ಆಗಲಿ. ಹಾಗೇ ವಾದಕರ ಹುದ್ದೆಗಳು, ನಿವೃತ್ತಿಯಾದವರ ಜಾಗಕ್ಕೆ ಹೊಸಬರನ್ನ ತಗೊಳ್ಳೋದು, ಇದು ಹಣಕಾಸಿನ ವಿಷಯ ಅಂತ ಗೊತ್ತು, ಆದ್ರೂ ಕೇಳ್ತೀನಿ. ನಿಮ್ಮ ಆಕಾಶವಾಣಿ ಆಡಿಷನ್ನಲ್ಲೇ ಬಿ-ಹೈ, ಎ ಗ್ರೇಡ್ ಪಡೆದ ಎಷ್ಟೋ ಹುಡುಗ ಹುಡುಗಿಯರು ಹೊರಗೆ ಐಟಿ ಕೆಲಸ ಮಾಡ್ಕೊಂಡು ಶನಿವಾರ ಭಾನುವಾರ ನುಡಿಸ್ತಿದ್ದಾರೆ. ಕಾಯಂ ಹುದ್ದೆ ಆಗದಿದ್ರೆ ವರ್ಷಕ್ಕೆ ಎರಡು ತಿಂಗಳ ಸೀಸನ್ ಅಂತ ಮಾಡಿ, ಆಡಿಷನ್ ಮಾಡಿ ಕರೀರಿ, ದೆಹಲಿಲಿ ಒಂದು ಕಛೇರಿ, ಚೆನ್ನೈಲಿ ಒಂದು, ಮೈಸೂರಲ್ಲಿ ದಸರಾ ಹೊತ್ತಿಗೆ ಒಂದು. ಬರ್ತಾರೆ, ನನ್ನ ಶಿಷ್ಯರೇ ಬರ್ತಾರೆ.

ಓದುಗರಲ್ಲೂ ಒಂದು ಕೋರಿಕೆ. ನಿಮ್ಮ ಮನೇಲಿ, ಬಂಧು ಬಳಗದಲ್ಲಿ, ಪಕ್ಕದ ಬೀದೀಲಿ ಯಾರಾದ್ರೂ ದೆಹಲಿ ಅಥವಾ ಮದ್ರಾಸ್ ಆಕಾಶವಾಣಿ ವಾದ್ಯವೃಂದದಲ್ಲೋ ನಮ್ಮ ನಿಲಯಗಳ ಮೇಳದಲ್ಲೋ ನುಡಿಸಿದವರು ಇದ್ರೆ ಅವರ ಹತ್ತಿರ ಕೂತು ಕೇಳಿ, ಯಾವ ವರ್ಷದಿಂದ ಯಾವ ವರ್ಷ, ಪಕ್ಕದಲ್ಲಿ ಯಾರು ಕೂರ್ತಿದ್ರು, ಯಾವ ರಚನೆ ನುಡಿಸಿದ್ದು ನೆನಪಿದೆ, ಹಳೇ ಫೋಟೋ ಇದೆಯಾ. ಫೋಟೋ ಇದ್ರೆ ಹಿಂದುಗಡೆ ಪೆನ್ಸಿಲ್ಲಲ್ಲಿ ಎಲ್ಲರ ಹೆಸರು ಬರೆಸಿ. ನಾಳೆ ಪ್ರಸಾರ ಭಾರತಿಯವರು ಈ ಕೆಲಸ ಶುರು ಮಾಡಿದಾಗ ಅದು ಕೈಗೆ ಸಿಗಬೇಕು.

ಮಾನ್ಯರೇ, ಕೆಲಸಕ್ಕೆ ಜನ ಬೇಕಾದ್ರೆ ಹೇಳಿ. ಕನ್ನಡ, ತಮಿಳು, ತೆಲುಗು ಕೈಬರಹದ ಸ್ವರಲಿಪಿ ಓದಬಲ್ಲವರು, ರಾಗ ತಾಳ ಕೇಳಿ ಗುರುತು ಹಿಡಿಯಬಲ್ಲವರು ಮೈಸೂರಲ್ಲಿ ನನಗೆ ಗೊತ್ತಿರೋರೇ ಹಲವರಿದ್ದಾರೆ, ಸಂಬಳ ಕೇಳಲ್ಲ, ಟೇಪಿನ ನಕಲು ಮತ್ತು ಒಂದು ಕೋಣೆ ಕೊಟ್ರೆ ಸಾಕು. ಮೊದಲ ಕಂತಾಗಿ 1952ರಿಂದ 1960ರವರೆಗಿನ ಪಟ್ಟಿಯನ್ನಾದ್ರೂ, ಅಂದ್ರೆ ರವಿಶಂಕರ್, ಜಯರಾಮ ಅಯ್ಯರ್, ಪನ್ನಾಲಾಲ್ ಘೋಷ್ ಕಾಲದ್ದು, ವಾದಕರ ಹೆಸರು ಸಮೇತ ಹೊರಗೆ ಬಿಡ್ತೀರಿ ಅಂತ ಕಾಯ್ತಿರ್ತೀನಿ.

ಇಂತಿ ನಮಸ್ಕಾರಗಳೊಂದಿಗೆ,
ಮೈಸೂರಿನ ಒಬ್ಬ ಪಿಟೀಲು ಮೇಷ್ಟ್ರು